ಹಿತ್ತಲಿನ ಹೂವು-ಹಕ್ಕಿಗಳ ಋತುದಿನಚರಿ

ಪಕ್ಷಿವೀಕ್ಷಣೆ ಎಂದೊಡನೆ ಬಹುಜನರ ಮನಸ್ಸು ರಂಗನತಿಟ್ಟಿಗೋ ಗುಡವಿಗೋ ಧಾವಿಸುತ್ತದೆ. ಹೂವುಗಳೆಂದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಕಣ್ಣಮುಂದೆ ಬರುತ್ತದೆ. ಆ ಸ್ಥಳಗಳ ಹಿರಿಮೆಯನ್ನು ಅಲ್ಲಗಳೆಯುವವರಾರು? ಆದರೆ ಪ್ರವಾಸದಲ್ಲಿ ಕಂಡ ಹಕ್ಕಿ ಆ ಒಂದು ದಿನದ ಹಕ್ಕಿಯಷ್ಟೇ. ಅದು ಅಲ್ಲಿಗೆ ಎಂದು ಬಂದಿತು, ಯಾವ ಮರದ ಹೂವಿಗಾಗಿ ಕಾದಿತ್ತು, ಯಾವ ವಾರದಲ್ಲಿ ಗೂಡಿಗೆ ನಾರು ಹೊತ್ತಿತು ಎಂಬುದು ಪ್ರವಾಸಿಗೆ ತಿಳಿಯುವ ವಿಷಯವಲ್ಲ. ಅದು ತಿಳಿಯುವುದು ದಿನನಿತ್ಯ ಕಣ್ಣಿಗೆ ಬೀಳುವ ಸ್ಥಳದಲ್ಲಿ, ಎಂದರೆ ಮನೆಯ ಹಿತ್ತಲಿನಲ್ಲಿ ಮತ್ತು ಶಾಲೆಯ ಅಂಗಳದಲ್ಲಿ.

ಇದು ಹೊಸ ಮಾತೇನೂ ಅಲ್ಲ. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಮುಂಬಯಿ ಪ್ರಾಂತದ ಸುಂಕದ ಇಲಾಖೆಯಲ್ಲಿ ಸೇವೆ ಸಲ್ಲಿಸುತ್ತ, ಕೆಲಕಾಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಇದ್ದ ಇ. ಎಚ್. ಐಟ್ಕೆನ್ ಎಂಬ ಮಹನೀಯರು ತಮ್ಮ ಬಂಗಲೆಯ ಸುತ್ತಮುತ್ತ ಸುಳಿಯುವ ಕಾಗೆ, ಇಲಿ, ಇರುವೆ, ಕಪ್ಪೆಗಳನ್ನೇ ವಿಷಯವಾಗಿಟ್ಟುಕೊಂಡು 1883ರಲ್ಲಿ ಒಂದು ರಸವತ್ತಾದ ಗ್ರಂಥವನ್ನು ಪ್ರಕಟಿಸಿದರು. ಅವರಿಗೆ ದೂರದ ಅರಣ್ಯ ಬೇಕಾಗಲಿಲ್ಲ. ತಾಳ್ಮೆಯೊಂದಿದ್ದರೆ ಜಗಲಿಯೇ ಸಾಕಾಗಿತ್ತು.

ನಮ್ಮ ಹಳೆಯ ವಿದ್ಯಾರ್ಥಿ ಬಂಧುಗಳು ವರ್ಷಕ್ಕೊಮ್ಮೆ ಶಾಲೆಗೆ ಬಂದಾಗ ತಪ್ಪದೆ ಆಡುವ ಮಾತೊಂದುಂಟು: “ನಮ್ಮ ಕಾಲದಲ್ಲಿ ಇಲ್ಲಿ ಎಷ್ಟು ಗುಬ್ಬಚ್ಚಿಗಳಿದ್ದವು! ಈಗ ಒಂದೂ ಇಲ್ಲ.” ಮಾತಿನ ಹಿಂದಿನ ಪ್ರೀತಿ ನಿಜವಾದುದು. ಆದರೆ ಆ ಕಾಲದಲ್ಲಿ ಎಷ್ಟಿದ್ದವು ಎಂದು ಎಣಿಸಿಟ್ಟವರು ಯಾರೂ ಇಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು 2020ರಲ್ಲಿ ಹೊರಬಂದ ವರದಿಯು ಸಾವಿರಾರು ವೀಕ್ಷಕರ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗುಬ್ಬಚ್ಚಿಯು ಮಹಾನಗರಗಳಲ್ಲಿ ಕಡಿಮೆಯಾಗುತ್ತಿದ್ದರೂ ಒಟ್ಟು ದೇಶದಲ್ಲಿ ಹೆಚ್ಚು ಕಡಿಮೆ ಸ್ಥಿರವಾಗಿಯೇ ಇದೆ ಎಂಬುದು ಕಂಡುಬಂದಿತು. ಹಾಗಾದರೆ ನಮ್ಮ ಅಂಗಳದಲ್ಲಿ ಆಗಿದ್ದೇನು? ಇದಕ್ಕೆ ಉತ್ತರ ಕೊಡಬಲ್ಲ ದಾಖಲೆ ನಮ್ಮಲ್ಲಿಲ್ಲ. ಪರೀಕ್ಷೆಯ ಫಲಿತಾಂಶ, ಕಟ್ಟಡದ ಅಳತೆ, ದಾನಿಗಳ ನಾಮಾವಳಿ ಇವೆಲ್ಲವನ್ನೂ ಇಂತಹ ಸಂಚಿಕೆಗಳಲ್ಲಿ ಅಚ್ಚುಕಟ್ಟಾಗಿ ಮುದ್ರಿಸುತ್ತೇವೆ. ಅಂಗಳದ ಹೊಂಗೆ ಯಾವ ವಾರ ಚಿಗುರಿತೆಂದು ಒಂದು ಸಾಲನ್ನಾದರೂ ಬರೆದುದುಂಟೆ? ನೆನಪು ಮಧುರವಾದುದು, ಆದರೆ ಲೆಕ್ಕಕ್ಕೆ ಬರುವುದು ತಾರೀಖು ಹಾಕಿದ ಬರವಣಿಗೆಯೇ.

ತಾರೀಖಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಹಬ್ಬಗಳು ಚಾಂದ್ರಮಾನದವು. ಗಣೇಶ ಚತುರ್ಥಿಯು 2022ರಲ್ಲಿ ಆಗಸ್ಟ್ 31ರಂದು ಬಂದಿತು. ಮರುವರ್ಷ ಅಧಿಕ ಶ್ರಾವಣ ಬಿದ್ದುದರಿಂದ ಅದೇ ಹಬ್ಬ ಸೆಪ್ಟೆಂಬರ್ ಮೂರನೆಯ ವಾರಕ್ಕೆ ಸರಿಯಿತು. ಬೇಲಿಯ ಮೇಲೆ ಹಬ್ಬಿ, ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪಾಗಿ ಅರಳುವ ಗೌರಿಹೂವಿಗೆ ಅಧಿಕಮಾಸದ ಅರಿವಿಲ್ಲ. ಅದು ಮಳೆಯನ್ನು ನೋಡಿ ಅರಳುತ್ತದೆ. ಆದುದರಿಂದ “ಗೌರಿ ಹಬ್ಬದ ಹೊತ್ತಿಗೆ ಅರಳಿತು” ಎಂದು ಬರೆದಿಟ್ಟರೆ ಹತ್ತು ವರ್ಷಗಳ ಬಳಿಕ ಆ ಟಿಪ್ಪಣಿಯಿಂದ ಪ್ರಯೋಜನವಿಲ್ಲ. (ಈ ಬಳ್ಳಿಯ ಗಡ್ಡೆ ಮೊದಲ್ಗೊಂಡು ಎಲ್ಲ ಭಾಗಗಳೂ ವಿಷಪೂರಿತವಾದವು, ಮಕ್ಕಳಿಗೆ ತೋರಿಸುವಾಗ ಇದನ್ನು ಮೊದಲು ಹೇಳತಕ್ಕದ್ದು.) ನಮ್ಮ ರೈತರು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಮಳೆ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಪ್ರತಿವರ್ಷವೂ ಹೆಚ್ಚು ಕಡಿಮೆ ಅದೇ ದಿನಾಂಕಕ್ಕೆ ಹೂಡುತ್ತವೆ. ಮೃಗಶಿರಾ ಎಂದರೆ ಜೂನ್ ಮೊದಲ ವಾರದ ಕೊನೆ ಎಂಬುದು ಒಕ್ಕಲಿಗನಿಗೆ ಬಾಯಿಪಾಠ. ಹಿತ್ತಲಿನ ದಿನಚರಿಯನ್ನು ಇಂಗ್ಲಿಷ್ ತಾರೀಖಿನಲ್ಲಾಗಲಿ ಮಳೆ ನಕ್ಷತ್ರದಲ್ಲಾಗಲಿ ಬರೆಯಬಹುದು.

ಇನ್ನು ವರ್ಷದ ಓಟವನ್ನು ನೋಡೋಣ. ಫಾಲ್ಗುಣ ಕಳೆದು ಚೈತ್ರ ಕಾಲಿಡುವ ವೇಳೆಗೆ ಬೇವು ಹೂವಾಡುತ್ತದೆ, ದುಂಡುಮಲ್ಲಿಗೆಯ ಮೊಗ್ಗು ಬಿರಿಯತೊಡಗುತ್ತದೆ, ಹೊಂಗೆ ಎಳೆ ಹಸಿರನ್ನು ಹೊದೆಯುತ್ತದೆ. ಕೋಗಿಲೆಯ ಧ್ವನಿ ಕೇಳಿಬರುವುದೂ ಆಗಲೇ. ಕಾವ್ಯದಲ್ಲಿ ಹಾಡುವವಳು ಹೆಣ್ಣು ಕೋಗಿಲೆ. ಹಿತ್ತಲಿನಲ್ಲಿ ಹಾಡುವವನು ಕೆಂಗಣ್ಣಿನ, ಮೈಯೆಲ್ಲ ಕಪ್ಪಾದ ಗಂಡು. ಹೆಣ್ಣಿನದು ಚುಕ್ಕೆ ಚುಕ್ಕೆಯ ಕಂದು ಮೈ ಮತ್ತು ಕಿಕ್ ಕಿಕ್ ಎಂಬ ಒರಟು ಸ್ವರ. ಇನ್ನೊಂದು ಮಾತು. ವಸಂತದಲ್ಲಿ ಕೋಗಿಲೆ ಎಲ್ಲಿಂದಲೋ ಬರುತ್ತದೆ ಎಂದು ತಿಳಿದವರು ಬಹಳ. ಅದು ಚಳಿಗಾಲದಲ್ಲಿಯೂ ಎಲೆಗಳ ಮರೆಯಲ್ಲಿ ಹಣ್ಣು ತಿನ್ನುತ್ತ ಇಲ್ಲಿಯೇ ಇರುತ್ತದೆ, ಮೌನವಾಗಿ. ಆದುದರಿಂದ ದಿನಚರಿಯಲ್ಲಿ “ಕೋಗಿಲೆ ಬಂದಿತು” ಎಂದು ಬರೆಯಲಾಗದು, “ಕೋಗಿಲೆಯ ಕೂಗು ಮೊದಲ ಬಾರಿ ಕೇಳಿತು” ಎಂದು ಬರೆಯಬೇಕು. ಕಂಡದ್ದನ್ನಷ್ಟೇ ಬರೆಯುವ ಈ ಶಿಸ್ತನ್ನು ಮಕ್ಕಳು ಪ್ರಯೋಗಶಾಲೆಗಿಂತ ಬೇಗ ಇಲ್ಲಿ ಕಲಿಯುತ್ತಾರೆಂಬುದು ನನ್ನ ಅಭಿಪ್ರಾಯ.

ಮಡಿವಾಳ ಹಕ್ಕಿಯ ಕಥೆಯೂ ಹೀಗೆಯೇ. ಕಪ್ಪು ಬಿಳುಪಿನ ಈ ಹಕ್ಕಿ ಮಾಗಿಯಲ್ಲಿ ಮೂಕನಂತೆ ಪೊದೆಯ ಕೆಳಗೆ ಕುಪ್ಪಳಿಸುತ್ತಿದ್ದು, ಬೇಸಿಗೆ ಬಂದೊಡನೆ ನಸುಕಿನಲ್ಲಿಯೇ ಎತ್ತರದ ಕೊಂಬೆಯನ್ನೇರಿ ಹಾಡತೊಡಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೇರೆಲ್ಲ ಹಕ್ಕಿಗಳು ಸುಮ್ಮನಾದಾಗ ಕೇಳಿಬರುವ ಟುಕ್ ಟುಕ್ ನಾದ ಕಂಚುಗಾರ ಹಕ್ಕಿಯದು. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಕೂಗುತ್ತದೆ. ಇದು ಗೂಡು ಕೊರೆಯುವುದು ಒಣಗಿದ ಕೊಂಬೆಯ ಕೆಳಮೈಯಲ್ಲಿ. ಈ ಒಣಕೊಂಬೆಯ ವಿಷಯವನ್ನು ಮತ್ತೆ ಪ್ರಸ್ತಾಪಿಸಬೇಕಾಗಿದೆ.

ಹೂವು ಹಕ್ಕಿಗಳ ನಂಟು ಅತ್ಯಂತ ನಿಚ್ಚಳವಾಗಿ ಕಾಣುವುದು ಸೂರಕ್ಕಿಯಲ್ಲಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಬಾಗಿದ ಕೊಕ್ಕಿನ ಈ ಹಕ್ಕಿ ದಾಸವಾಳದ ಬಳಿ ಬಂದಾಗ ಗಮನಿಸಿರಿ. ಹಲವು ವೇಳೆ ಅದು ಹೂವಿನ ಮುಂಬಾಗಿಲಿಗೆ ಹೋಗುವುದೇ ಇಲ್ಲ. ಪಕ್ಕದಲ್ಲಿ ಕುಳಿತು ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ ಮಕರಂದವನ್ನು ಹೀರಿ ಹಾರಿಹೋಗುತ್ತದೆ. ಪರಾಗ ಹೊತ್ತೊಯ್ಯುವ ಸೇವೆಯನ್ನು ಮಾಡದೆ ಕೂಲಿಯನ್ನು ಮಾತ್ರ ಪಡೆದಂತಾಯಿತು! ಹೆಣ್ಣು ಸೂರಕ್ಕಿಯೇ ಜೇಡರ ಬಲೆ, ನಾರು, ಒಣಗಿದ ಎಲೆಯ ಚೂರುಗಳಿಂದ ತೂಗಾಡುವ ಚೀಲದಂತಹ ಗೂಡನ್ನು ಹೆಣೆದು, ಬಾಗಿಲಿನ ಮೇಲೆ ಸಣ್ಣದೊಂದು ಮುಂಚಾವಣಿಯನ್ನೂ ಚಾಚುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 15 ದಿನಗಳ ಕಾವು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಮಕರಂದವುಂಡು ಬದುಕುವ ಹಕ್ಕಿ ಎಂದು ಹೆಸರಾಗಿದ್ದರೂ ಸೂರಕ್ಕಿ ತನ್ನ ಮರಿಗಳಿಗೆ ಉಣಿಸುವುದು ಜೇಡ, ಹುಳುಹುಪ್ಪಟೆಗಳನ್ನು. ಕಾಳು ತಿನ್ನುವ ಗುಬ್ಬಚ್ಚಿಯ ಮರಿಗೂ ಹುಳುವೇ ಬೇಕು. ಕರಿಬೇವಿನ ಎಲೆಯನ್ನು ಕಂಬಳಿಹುಳು ತಿಂದಿತೆಂದು ಔಷಧ ಹೊಡೆಯುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಮುಂಗಾರು ಹನಿದೊಡನೆ ಹಿತ್ತಲಿನ ಚರ್ಯೆ ಬದಲಾಗುತ್ತದೆ. ಬೇವಿನ ಹಣ್ಣು ಮಾಗಿ ಪಿಕಳಾರ, ಗೊರವಂಕ, ಕೋಗಿಲೆಗಳಿಗೆ ಔತಣವಾಗುತ್ತದೆ. ಕನಕಾಂಬರದ ಒಣಕಾಯಿಗೆ ನೀರು ತಾಗಿದಾಗ ಅದು ಟಪ್ಪೆಂದು ಸಿಡಿದು ಬೀಜಗಳನ್ನು ದೂರ ಎಸೆಯುವುದನ್ನು ಮಕ್ಕಳು ಅಂಗೈಯಲ್ಲಿಯೇ ನೋಡಬಹುದು. ಸಿಂಪಿಗ ಹಕ್ಕಿ ಅಗಲ ಎಲೆಯ ಅಂಚುಗಳಿಗೆ ರಂಧ್ರ ಕೊರೆದು ಹತ್ತಿಯ ಎಳೆಯಿಂದ ಹೊಲಿದು ಗೂಡು ಮಾಡುವುದು ಈ ದಿನಗಳಲ್ಲಿ. ಹೊಂಡದ ದಂಡೆಯ ಮರದಲ್ಲಿ ಗಂಡು ಗೀಜಗ ಅರ್ಧ ಗೂಡು ನೇಯ್ದು ನಿಲ್ಲಿಸಿ, ಹೆಣ್ಣು ಬಂದು ಒಪ್ಪಿದ ಬಳಿಕವೇ ಕೆಲಸ ಮುಗಿಸುತ್ತದೆ. ಆದರೆ ಈ ಋತುವಿನ ನಿಜವಾದ ಅತಿಥಿ ಚಾತಕ. ಮಳೆಹನಿಯನ್ನಷ್ಟೇ ಕುಡಿದು ಬಾಳುವ ಪಕ್ಷಿಯೆಂದು ಕವಿಗಳು ಕೊಂಡಾಡಿದ ಇದು, ತಲೆಯ ಮೇಲೆ ಜುಟ್ಟುಳ್ಳ ಕಪ್ಪು ಬಿಳುಪಿನ ಕೋಗಿಲೆ ಕುಲದ ಹಕ್ಕಿ. ಇದರ ನಿತ್ಯದ ಊಟ ಕಂಬಳಿಹುಳು. ದಕ್ಷಿಣದಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಉಂಟು. ಉಳಿದವು ಮುಂಗಾರಿನೊಡನೆ ಆಫ್ರಿಕೆಯ ಕಡೆಯಿಂದ ಬರುತ್ತವೆ. ಇವುಗಳ ಪಯಣದ ಜಾಡನ್ನು ಅರಿಯಲೆಂದು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು 2020ರಲ್ಲಿ ಎರಡು ಚಾತಕಗಳಿಗೆ ಉಪಗ್ರಹದ ಮೂಲಕ ಗುರುತಿಸಬಲ್ಲ ಪುಟ್ಟ ಸಾಧನಗಳನ್ನು ಕಟ್ಟಿದರು. ಇಷ್ಟು ದೂರದಿಂದ ಬಂದ ಅತಿಥಿ ಮೊಟ್ಟೆಯಿಡುವುದು ಎಲ್ಲಿ? ನಮ್ಮ ಬೇಲಿಯಲ್ಲಿ ಏಳೆಂಟು ಕೂಡಿ ಸದಾ ಗದ್ದಲವೆಬ್ಬಿಸುವ ಹರಟೆಮಲ್ಲಗಳ ಗೂಡಿನಲ್ಲಿ!

ಹಿಂಗಾರಿನ ಹೂವುಗಳಲ್ಲಿ ಚೆಂಡುಹೂ ಮೆಕ್ಸಿಕೋ ದೇಶದಿಂದ ಬಂದದ್ದೆಂಬುದನ್ನು ದೀಪಾವಳಿಯ ತೋರಣ ಕಟ್ಟುವಾಗ ಯಾರೂ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಸೇವಂತಿಗೆಯ ವಿಷಯ ಮಾತ್ರ ವಿವರಿಸತಕ್ಕದ್ದು. ಎಷ್ಟೇ ಗೊಬ್ಬರ ನೀರು ಉಣಿಸಿದರೂ ಬೇಸಿಗೆಯಲ್ಲಿ ಮೊಗ್ಗು ಕಟ್ಟಲೊಲ್ಲದ ಸೇವಂತಿಗೆ ಮಳೆಗಾಲ ಕಳೆಯುವಾಗ ತಾನಾಗಿ ಮೊಗ್ಗೊಡೆಯುವುದೇಕೆ? ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಹೊಗೆಸೊಪ್ಪು, ಸೋಯಾ ಅವರೆ ಮುಂತಾದ ಗಿಡಗಳ ಮೇಲಿನ ಪ್ರಯೋಗಗಳಿಂದ, ಹಗಲಿರುಳುಗಳ ಅವಧಿಯೇ ಹೂವಾಗುವಿಕೆಯನ್ನು ನಿರ್ಧರಿಸಬಲ್ಲದೆಂದು ತೋರಿಸಿಕೊಟ್ಟರು. ಸೇವಂತಿಗೆ ದೀರ್ಘವಾದ, ಬೆಳಕಿನ ಅಡಚಣೆಯಿಲ್ಲದ ಇರುಳನ್ನು ಬಯಸುವ ಸಸ್ಯ. ನಮ್ಮ ಧಾರವಾಡ ಸೀಮೆಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ಎರಡು ಗಂಟೆಯೂ ತುಂಬದ ಈ ಅಂತರವನ್ನು ನಾವು ಅಷ್ಟಾಗಿ ಗಮನಿಸದಿದ್ದರೂ ಗಿಡ ಗಮನಿಸುತ್ತದೆ. ಹೂವನ್ನು ತಡಮಾಡಿಸಬೇಕೆನಿಸಿದ ಬೆಳೆಗಾರರು ರಾತ್ರಿ ದೀಪ ಉರಿಸುವುದೂ ಇದೇ ಕಾರಣದಿಂದ. ಶಾಲೆಯ ದೀಪದ ಕಂಬದ ಕೆಳಗಿನ ಪಾತಿಯನ್ನೂ ಕತ್ತಲಲ್ಲಿರುವ ಪಾತಿಯನ್ನೂ ಹೋಲಿಸಿ ಮೊದಲ ಮೊಗ್ಗಿನ ದಿನಾಂಕವನ್ನು ಬರೆದಿಡುವುದು ಒಂಬತ್ತನೆಯ ತರಗತಿಗೆ ಯೋಗ್ಯವಾದ, ಒಂದು ಕಾಸೂ ಖರ್ಚಿಲ್ಲದ ಪ್ರಯೋಗ.

ವಲಸೆ ಹಕ್ಕಿಗಳೂ ಹಗಲಿನ ಉದ್ದವನ್ನು ಅಳೆದೇ ಹೊರಡುತ್ತವೆ. ಬಾಲ ಕುಣಿಸುತ್ತ ಒದ್ದೆ ನೆಲದ ಮೇಲೆ ಓಡಾಡುವ ಬೂದು ಸಿಪಿಲೆ ಹಿಮಾಲಯ ಮತ್ತು ಅದರಾಚೆಯಿಂದ ಸೆಪ್ಟೆಂಬರಿನ ಹೊತ್ತಿಗೆ ಇಳಿದು ಮಾರ್ಚ್, ಏಪ್ರಿಲ್ ವೇಳೆಗೆ ಮರಳುತ್ತದೆ. ಮಧ್ಯ ಏಷ್ಯದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಬಿಳಿಜೋಳದ ಹೊಲಗಳ ಮೇಲೆ ಮೋಡದಂತೆ ಸುಳಿದು, ಮಾಘ-ಫಾಲ್ಗುಣಗಳಲ್ಲಿ ಬೂರುಗ, ಮುತ್ತುಗ, ಹಾಲವಾಣಗಳು ಎಲೆ ಕಳಚಿ ಕೆಂಪು ಹೂ ತುಂಬಿ ನಿಂತಾಗ ಅವುಗಳ ಮೇಲೆ ಮುತ್ತುತ್ತದೆ. ಈ ಮೂರೂ ಮರಗಳ ಹೂವಿಗೆ ಪರಿಮಳವಿಲ್ಲವೆಂದೇ ಹೇಳಬಹುದು, ಆದರೆ ಮಕರಂದ ಧಾರಾಳ. ಹಕ್ಕಿಗೆ ಬೇಕಾದದ್ದು ಬಣ್ಣ ಮತ್ತು ರಸ. ಸುಗಂಧ ಬೇಕಾಗುವುದು ಇರುಳಿನಲ್ಲಿ ಪಾರಿಜಾತವನ್ನು ಹುಡುಕಿಕೊಂಡು ಬರುವ ಪತಂಗಕ್ಕೆ.

ಈಗ ಅಂಗಳದ ವಿಷಯ. ಉದಾರ ಹೃದಯದ ದಾನಿ ಮಹನೀಯರ ನೆರವಿನಿಂದ ಶಾಲಾ ಆವರಣಗಳು ಇಂದು ಅಂದಗೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಅಂದದ ಹೆಸರಿನಲ್ಲಿ ಕೆಲವು ವಿಚಾರಗಳನ್ನು ಮರೆಯಲಾಗಿದೆಯೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ನರ್ಸರಿಗಳಿಂದ ಬರುವ ಹಲವು ಸುತ್ತಿನ ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಅತ್ಯಲ್ಪ. ಐದೆಸಳಿನ ಹಳೆಯ ಕೆಂಪು ದಾಸವಾಳವೇ ದುಂಬಿಗೆ ಮೇಲು. ಅಂಗಳಕ್ಕೆಲ್ಲ ಸಿಮೆಂಟಿನ ಹಾಸು ಹಾಕಿದರೆ ಸಿಪಿಲೆಗೆ ಹುಳು ಹೆಕ್ಕಲು, ಗುಬ್ಬಚ್ಚಿಗೆ ಮಣ್ಣಿನಲ್ಲಿ ಹೊರಳಿ ಮೈ ಕೊಡವಲು ಜಾಗವಿಲ್ಲ. ಮರದ ಒಣಕೊಂಬೆ ತಲೆಯ ಮೇಲೆ ಬೀಳುವಂತಿದ್ದರೆ ಕಡಿಯಲೇಬೇಕು. ಮಕ್ಕಳು ಓಡಾಡದ ಮೂಲೆಯಲ್ಲಿದ್ದರೆ ಅದು ಕಂಚುಗಾರನ ಮನೆ, ಅದು ಬಿಟ್ಟುಹೋದ ಮೇಲೆ ಬೇರೆ ಹಕ್ಕಿಯ ಮನೆ. ಇನ್ನೊಂದು ವಿನೋದವನ್ನು ನೋಡಿರಿ: ಶಿವನಿಗೆ ಪ್ರಿಯವೆಂದು ನಾವೇ ಹೇಳುವ ತುಂಬೆ, ಎಕ್ಕೆಗಳನ್ನು ಪೂದೋಟದ ಅಂಚಿನಿಂದ ಕಳೆಯೆಂದು ಕಿತ್ತೊಗೆಯುತ್ತೇವೆ. ಎಕ್ಕೆಯ ಎಲೆಯ ಮೇಲೆ ಮೊಟ್ಟೆಯಿಡುವ ಕಿತ್ತಳೆ ಬಣ್ಣದ ಚಿಟ್ಟೆಗೆ ಹೋಗಲು ಬೇರೆಡೆ ಎಲ್ಲಿದೆ?

ದಿನಚರಿಗೆ ಬೇಕಾದದ್ದು ಗಟ್ಟಿ ರಟ್ಟಿನ ಒಂದು ನೋಟುಪುಸ್ತಕ ಮತ್ತು ದಿನಕ್ಕೆ ಹದಿನೈದು ನಿಮಿಷ. ಫೆಬ್ರವರಿ ತಿಂಗಳಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಗಣತಿಗೆ 2013ರಿಂದ ಭಾರತೀಯರೂ ಕೈಜೋಡಿಸಿದ್ದಾರೆ. ಅಲ್ಲಿಯೂ ಕೇಳುವುದು ಕನಿಷ್ಠ ಹದಿನೈದು ನಿಮಿಷಗಳನ್ನೇ. ಶಾಲೆಯ ಪಟ್ಟಿಯನ್ನು ಅಂತರ್ಜಾಲದ ಮೂಲಕ ಅದಕ್ಕೆ ಸೇರಿಸಬಹುದು. ಜೂನ್‌ನಿಂದ ಮಾರ್ಚ್‌ವರೆಗೆ ತರಗತಿಗೊಂದು ವಾರದಂತೆ ಸರದಿ ಹಾಕಿದರೆ ಪುಸ್ತಕ ನಡೆಯುತ್ತದೆ. ತೊಡಕಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಮಲ್ಲಿಗೆ ತುಂಬಿ ಅರಳುವ, ಮಡಿವಾಳ ಹಾಡುವ, ಕಾಗೆಯ ಗೂಡನ್ನು ಕೋಗಿಲೆ ಹೊಂಚುವ, ಸೂರಕ್ಕಿ ಮರಿಗೆ ಉಣಿಸುವ ಆ ಎಂಟು ವಾರಗಳಲ್ಲಿ ಶಾಲೆಗೆ ರಜೆ. ಅತ್ಯಂತ ತುಂಬಿರಬೇಕಾದ ಪುಟಗಳೇ ಖಾಲಿ ಉಳಿಯುತ್ತವೆ. ಆ ದಿನಗಳಲ್ಲಿ ಅಂಗಳದಲ್ಲಿರುವವರು ತೋಟದ ಮಾಲಿ, ರಾತ್ರಿ ಕಾವಲುಗಾರ, ಪ್ರಸಾದನಿಲಯದಲ್ಲಿ ಉಳಿದ ಒಬ್ಬಿಬ್ಬರು ಹುಡುಗರು. ಯಾವ ಮರದಲ್ಲಿ ಯಾವ ಗೂಡಿದೆ ಎಂಬುದನ್ನು ಮಾಲಿಯಷ್ಟು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳುವವರು ಬೇಕು. ಊರಿನಲ್ಲಿಯೇ ನೆಲೆಸಿರುವ ಹಳೆಯ ವಿದ್ಯಾರ್ಥಿ ಬಂಧುಗಳು ವಾರಕ್ಕೊಬ್ಬರಂತೆ ಬೆಳಗಿನ ಆರೂವರೆಗೆ ಬಂದು ಆ ಎಂಟು ವಾರಗಳನ್ನು ಹಂಚಿಕೊಳ್ಳುವುದಾದರೆ, ಪುಸ್ತಕವನ್ನು ಕಚೇರಿಯ ಬೀಗದ ಕಪಾಟಿನಲ್ಲಿಡದೆ ಮಾಲಿಯ ಕೋಣೆಯ ಮೊಳೆಗೆ ತೂಗುಹಾಕಿ ಪೆನ್ಸಿಲನ್ನು ದಾರದಿಂದ ಕಟ್ಟಿಡಲು ಏರ್ಪಾಡು ಮಾಡಬಹುದಾಗಿದೆ.