ಗುಲ್ಮಾರ್ಗದಲ್ಲಿ ಗಾಲ್ಫ್: ಚೆಂಡಿಗೆ ಲಾಭ, ಎದೆಗೆ ಖರ್ಚು

ಈ ಸಂಚಿಕೆಯ ಪ್ರಶ್ನೆ ನಿಪ್ಪಾಣಿಯಿಂದ ಬಂದದ್ದು: "ಕಾಶ್ಮೀರಕ್ಕ ಹೊಂಟೀವಿ. ಗುಲ್ಮಾರ್ಗದಾಗ ಗಾಲ್ಫ್ ಚೆಂಡು ಭಾಳ ದೂರ ಹೋಗ್ತದಂತ, ಖರೇನ?"

ಖರೇ ರೀ. ಆದ್ರೆ ಅದು ಖಾತೆಯ ಒಂದೇ ಬದಿ. ಇನ್ನೊಂದು ಬದಿಯನ್ನೂ ನೋಡೋಣ.

ಗುಲ್ಮಾರ್ಗದ 18 ಕುಳಿಗಳ ಮೈದಾನ ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್, ಅಂದ್ರೆ 8,700 ಅಡಿ ಎತ್ತರದಲ್ಲಿದೆ. ನಮ್ಮ ಕಡೆ ಎತ್ತರ 600 ಮೀಟರ್ ಆಸುಪಾಸು. ಚಳಿಗಾಲದಲ್ಲಿ ಗುಲ್ಮಾರ್ಗದ ಮೇಲೆ ಹಿಮ ಬಿದ್ದು ಸ್ಕೀಯಿಂಗ್ ಶುರು ಆಗ್ತದೆ, ಹಾಗಾಗಿ ಗಾಲ್ಫ್ ಏನಿದ್ರೂ ಬೇಸಿಗೆಯಿಂದ ಶರತ್ಕಾಲದವರೆಗೆ.

ಅಷ್ಟು ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಶೇ. 23ರಷ್ಟು ತೆಳು. ಹಂಗಾದ್ರೆ ಚೆಂಡೂ ಶೇ. 23ರಷ್ಟು ಹೆಚ್ಚು ದೂರ ಹೋಗಬೇಕಲ್ಲ? ಹೋಗೋದಿಲ್ಲ. ಗಾಳಿ ಚೆಂಡಿಗೆ ಎರಡು ಕೆಲಸ ಮಾಡ್ತದೆ. ಎದುರು ನಿಂತು ತಡೆಯುತ್ತದೆ. ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುವಾಗ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ತೆಳು ಗಾಳಿಯಲ್ಲಿ ತಡೆಯೂ ಕಡಿಮೆ, ಎತ್ತುವ ಬಲವೂ ಕಡಿಮೆ. ಒಂದು ಲಾಭ, ಒಂದು ನಷ್ಟ. ಉಳಿಯುವ ನಿವ್ವಳ ಲಾಭ ಸುಮಾರು ಶೇ. 10.

ನಮ್ಮ ಎತ್ತರದಲ್ಲಿ 140 ಗಜ ಹೋಗುವ ಹೊಡೆತ ಅಲ್ಲಿ ಹತ್ತಿರ ಹತ್ತಿರ 150 ಗಜ ಹೋಗ್ತದೆ. ಗಾಲ್ಫಿನಲ್ಲಿ ಒಂದು ಕ್ಲಬ್ಬಿಗೂ ಮುಂದಿನ ಕ್ಲಬ್ಬಿಗೂ ಅಂತರ ಸುಮಾರು 10 ಗಜ. ಹಾಗಾಗಿ 7 ನಂಬರ್ ಐರನ್ ಹಿಡಿಯುವ ಕಡೆ 8 ನಂಬರ್ ಹಿಡೀರಿ, ಲೆಕ್ಕ ಸರಿಹೋಗ್ತದೆ. ಚೆಂಡು ತಗ್ಗಾಗಿ ಬಂದು ಬೀಳೋದರಿಂದ ಮುಂದಕ್ಕೆ ಉರುಳೋದೂ ಜಾಸ್ತಿ. ಬೆಳಗಿನ ಚಳಿಯಲ್ಲಿ ಮಾತ್ರ ಈ ಲಾಭ ಸ್ವಲ್ಪ ಕಡಿಮೆ, ಯಾಕಂದ್ರೆ ತಣ್ಣನೆ ಗಾಳಿ ದಟ್ಟ, ತಣ್ಣನೆ ಚೆಂಡಿಗೆ ಪುಟಿತ ಕಡಿಮೆ.

ಈಗ ಖರ್ಚಿನ ಬದಿ. ಚೆಂಡಿಗೆ ದಾರಿ ಬಿಟ್ಟ ಅದೇ ತೆಳು ಗಾಳಿ ನಿಮ್ಮ ಪ್ರತಿ ಉಸಿರಿನಲ್ಲೂ ಆಮ್ಲಜನಕ ಕಡಿಮೆ ಮಾಡಿರ್ತದೆ. 18 ಕುಳಿ ಮುಗಿಸೋದು ಅಂದ್ರೆ ಏರು-ಇಳಿಜಾರಿನಲ್ಲಿ 6 ಕಿಲೋಮೀಟರಿಗೂ ಹೆಚ್ಚು ನಡಿಗೆ. ಗರಡಿಯಲ್ಲಿ ಪಳಗಿದ ಪೈಲ್ವಾನನಿಗೂ ಮೊದಲ ದಿನ ಏದುಸಿರು ಬರ್ತದೆ. ಗಟ್ಟಿ ಮೈಯಿದ್ದವರಿಗೆ ತ್ರಾಸಾಗಲ್ಲ ಅನ್ನೋದು ಸುಳ್ಳು.

ನಮ್ಮ ತಾಲೂಕುಗಳಲ್ಲಿ ಸೇನೆಗೆ ಮಗನನ್ನು ಕಳಿಸಿದ ಮನೆಗಳಿಗೆ ಇದು ಗೊತ್ತಿರ್ತದೆ. ಸೇನೆಯಲ್ಲಿ 9,000 ಅಡಿ ದಾಟಿದ ಮೇಲೆ ಎತ್ತರಕ್ಕೆ ಮೈ ಒಗ್ಗಿಸಲಿಕ್ಕೆ ಮೊದಲ ಹಂತದಲ್ಲೇ 6 ದಿನ ಕೊಡ್ತಾರೆ. ತರಬೇತಿ ಪಡೆದ ಯೋಧರಿಗೇ ಅಷ್ಟು! ಗುಲ್ಮಾರ್ಗ ಆ ಗೆರೆಯ ಸ್ವಲ್ಪ ಕೆಳಗಿದೆ, ಅಷ್ಟೇ. ನಾವು ಮಾತ್ರ ವಿಮಾನ ಇಳಿದು ನೇರ ಮೇಲೆ ಹೋಗಿ ಕ್ಲಬ್ ಬೀಸ್ತೀವಿ.

ಹಾಗಾಗಿ ಇಷ್ಟು ಮಾಡ್ರಿ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಒಂದು ರಾತ್ರಿ ತಂಗಿರಿ. ಮೇಲೆ ಹೋದ ದಿನ ಆಟ ಬೇಡ, ಮದ್ಯ ಬೇಡ, ನೀರು ಕುಡೀರಿ. ಮರುದಿನ 9 ಕುಳಿ ಸಾಕು. ಎತ್ತರದಲ್ಲಿ ಬಿಸಿಲು ಚುರುಕು, ಟೊಪ್ಪಿಗೆ ಮರೀಬ್ಯಾಡ್ರಿ. ತಲೆನೋವು, ವಾಕರಿಕೆ ಬಂದ್ರೆ ಆಟ ನಿಲ್ಲಿಸಿರಿ, ಹೆಚ್ಚಾದ್ರೆ ಕೂಡಲೇ ಕೆಳಗೆ ಇಳೀರಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಟಿಕೆಟ್ ತೆಗೆಸುವ ಮೊದಲೇ ಡಾಕ್ಟರನ್ನು ಕೇಳಿರಿ.

ಹತ್ತು ಗಜ ಪುಕ್ಕಟೆ ಸಿಗ್ತದೆ ಅಂತ ಓಡಬ್ಯಾಡ್ರಿ.