ಉಪ್ಪಿನ ಮೂಟೆ ಬಿಡಿ, ಉಸಿರು ಕೊಡಿ

ನೀರಲ್ಲಿ ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಕೆಲವೇ ಗಂಟೆಗಳಲ್ಲಿ ಎದ್ದು ಕೂರುತ್ತಾರಂತೆ! ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಈಜುಕೊಳಗಳಲ್ಲಿ ಬೇಸಿಗೆ ಶಿಬಿರ ಶುರುವಾಯಿತೆಂದರೆ ಈ ಸಂದೇಶವೂ ವಾಟ್ಸ್‌ಆ್ಯಪ್‌ನಲ್ಲಿ ತೇಲಿ ಬರುತ್ತದೆ. ಕೊನೆಗೆ ‘ಎಲ್ಲರಿಗೂ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ’ ಎಂಬ ಅಪ್ಪಣೆ ಬೇರೆ.

ನಕ್ಕು ಬಿಡಬಹುದಿತ್ತು. ಆದರೆ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ನೀರಿಗೆ ಬಿದ್ದು ತೀರಿಕೊಂಡ ಮಕ್ಕಳನ್ನು ಮನೆಯವರು ನಿಜಕ್ಕೂ ಉಪ್ಪಿನಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾದು ಕೂತರು. ಹೆತ್ತವರನ್ನು ದೂರುವಂತಿಲ್ಲ, ಆ ಸಂಕಟದಲ್ಲಿ ಯಾರಾದರೂ ಏನನ್ನಾದರೂ ನಂಬುತ್ತಾರೆ. ನನ್ನ ಸಿಟ್ಟೆಲ್ಲ ಕಾಫಿ ಕುಡಿಯುತ್ತಾ ಅದನ್ನು ಫಾರ್ವರ್ಡ್ ಮಾಡುವವರ ಮೇಲೆ.

ಉಪ್ಪು ಮೈಯೊಳಗಿನ ನೀರನ್ನು ಹೀರುತ್ತದೆ ಎಂಬುದು ಇವರ ವಾದ. ಮುಳುಗಿದವರನ್ನು ಕೊಲ್ಲುವುದು ಹೊಟ್ಟೆ ಸೇರಿದ ನೀರಲ್ಲ, ಮಿದುಳಿಗೆ ಆಮ್ಲಜನಕ ಸಿಗದಿರುವುದು. ಉಸಿರು ನಿಂತು ನಾಲ್ಕೈದು ನಿಮಿಷವಾದರೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಚರ್ಮದ ಮೇಲೆ ಸುರಿದ ಉಪ್ಪು ಶ್ವಾಸಕೋಶಕ್ಕೆ ಏನೂ ಮಾಡದು, ನಿಂತ ಹೃದಯವನ್ನು ಎಬ್ಬಿಸದು. ಉಪ್ಪಿಗೆ ಅಷ್ಟು ಶಕ್ತಿ ಇದ್ದಿದ್ದರೆ ಸಮುದ್ರದಲ್ಲಿ ಯಾರೂ ಸಾಯಬಾರದಿತ್ತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಉಪ್ಪುನೀರಲ್ಲೇ ಜೀವ ಬಿಟ್ಟರು.

ತರಬೇತಿ ಪಡೆದ ಲೈಫ್‌ಗಾರ್ಡ್ ಮಾಡುವುದನ್ನು ನೋಡಿ. ದಡಕ್ಕೆ ತಂದವನನ್ನು ಅಂಗಾತ ಮಲಗಿಸಿ ಉಸಿರಾಟ ಗಮನಿಸುತ್ತಾನೆ. ಉಸಿರಿಲ್ಲವೆಂದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾನೆ. ಆಮೇಲೆ ಎದೆಯ ನಡುಮಧ್ಯೆ ಅಂಗೈ ಊರಿ, ದೊಡ್ಡವರಾದರೆ ಎರಡು ಇಂಚು ತಗ್ಗುವಷ್ಟು, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುತ್ತಾನೆ: 30 ಸಲ ಒತ್ತು, 2 ಸಲ ಉಸಿರು. ಇದಕ್ಕೇ ಸಿಪಿಆರ್ ಎನ್ನುವುದು. ಆಂಬುಲೆನ್ಸ್ ಬರುವವರೆಗೆ ಬಿಡುವಂತಿಲ್ಲ. ಹೊಟ್ಟೆ ಅದುಮುವುದು, ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದು ಅವನ ಪಾಠದಲ್ಲಿಲ್ಲ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೇ ಇಳಿಯಬಹುದು.

ಮುಳುಗುವವರು ‘ಕಾಪಾಡಿ’ ಎಂದು ಕೂಗಿ ಕೈ ಬೀಸುತ್ತಾರೆ ಎನ್ನುವುದು ಸಿನಿಮಾ ಮಾತು; ಉಸಿರಿಗೇ ಪರದಾಡುವವರಿಗೆ ಕೂಗಲು ಉಸಿರೆಲ್ಲಿ? ಮೂರು ಸಲ ಮೇಲೆ ಬಂದೇ ಮುಳುಗುತ್ತಾರೆ ಎನ್ನುವುದೂ ಸುಳ್ಳು, ಎಷ್ಟೋ ಜನ ಒಮ್ಮೆಯೂ ಬರುವುದಿಲ್ಲ. ಇನ್ನು, ಚೆನ್ನಾಗಿ ಈಜುವವರೆಲ್ಲ ಲೈಫ್‌ಗಾರ್ಡ್ ಅಲ್ಲ: ಮುಳುಗುತ್ತಿರುವವನು ಹತ್ತಿರ ಬಂದವರ ಕುತ್ತಿಗೆಗೇ ಜೋತು ಬೀಳುತ್ತಾನೆ, ಅದಕ್ಕೇ ಹಗ್ಗ, ಟ್ಯೂಬ್ ಎಸೆಯುವುದನ್ನು ಮೊದಲು ಕಲಿಸುತ್ತಾರೆ.

ಧರ್ಮಾಂಬುಧಿ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿಕೊಂಡ ಊರು ನಮ್ಮದು. ನೀರಿನ ಒಡನಾಟ ಹೋಯಿತು, ನೀರಿನ ಬಗೆಗಿನ ಕಟ್ಟುಕಥೆ ಮಾತ್ರ ಉಳಿಯಿತು. ಇದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ಅವರ ಓಣಿಯವರೇ ಇಂದು ಗುಡ್ ಮಾರ್ನಿಂಗ್ ಜೊತೆ ಉಪ್ಪಿನ ಪವಾಡ ಹಂಚುತ್ತಿದ್ದಾರೆ. ಡಿಗ್ರಿ ಇದೆ, ‘ಹೌದಾ?’ ಎಂದು ಒಂದು ಮಾತು ಕೇಳುವ ಅಭ್ಯಾಸವಿಲ್ಲ.

ಆ ಸಂದೇಶ ಮತ್ತೆ ಬಂದರೆ ಅಳಿಸಿ, ಕಳಿಸಿದವರಿಗೂ ಹೇಳಿ. ಮಕ್ಕಳಿಗೆ ಈಜು ಕಲಿಸುವಾಗ ನೀವು ಸಿಪಿಆರ್ ಕಲಿಯಿರಿ. ಯಾರಾದರೂ ಮುಳುಗಿದರೆ 108ಕ್ಕೆ ಫೋನ್ ಮಾಡಿ, ಉಸಿರು ಕೊಡಲು ಶುರು ಮಾಡಿ. ಅಂಗಡಿಗೆ ಉಪ್ಪು ತರಲು ಓಡಬೇಡಿ.