ಸದ್ದು ಮಾಡುವ ಸ್ಪೋರ್ಟ್ಸ್ ಕಾರು: ಕೊಳ್ಳುವುದೇ, ಬಿಡುವುದೇ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಮಾರಾಟವಿದ್ದಿದ್ದರೆ ಆ ಮಾತಿಗೆ ಮೂರನೆಯದೊಂದು ಸೇರುತ್ತಿದ್ದುದರಲ್ಲಿ ಸಂದೇಹವಿಲ್ಲ. ಹೊಸದಾಗಿದ್ದಾಗ ಸಿರಿವಂತರಿಗೆ ಮಾತ್ರ ಎಟುಕುತ್ತಿದ್ದ ಎಷ್ಟೋ ಕಾರುಗಳು, ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಸಾಮಾನ್ಯ ಸಂಬಳಗಾರನ ಕೈಗೆ ನಿಲುಕುವ ಬೆಲೆಗೆ ಇಳಿಯುತ್ತವೆ. ಉದ್ಯೋಗಕ್ಕಾಗಿ ಆ ನಾಡುಗಳಲ್ಲಿ ನೆಲಸಿರುವ ಕನ್ನಡಿಗ ತರುಣರಲ್ಲಿಯೂ ಇಂತಹ ಕಾರಿನ ಕನಸು ಕಾಣುವವರು ಇಲ್ಲದಿಲ್ಲ.

ಬಣ್ಣ ಮಾಸಿಲ್ಲ, ಆಸನಗಳ ಚರ್ಮ ಹರಿದಿಲ್ಲ, ಬೆಲೆಯೂ ಪೇಟೆಯ ದರಕ್ಕಿಂತ ಕಡಿಮೆ. ಆದರೆ ಇಂಜಿನ್ ಚಾಲೂ ಮಾಡಿದೊಡನೆ ಒಳಗಿನಿಂದ ಟಿಕ್ ಟಿಕ್ ಎಂದೋ ಟಕ್ ಟಕ್ ಎಂದೋ ಒಂದು ಸದ್ದು ಕೇಳುತ್ತದೆ. 'ಈ ಕಾರುಗಳೆಲ್ಲ ಹೀಗೆಯೇ' ಎಂದು ಮಾರುವವನು ನಗುತ್ತಾನೆ. ಕೊಳ್ಳಬೇಕೆ, ಬಿಡಬೇಕೆ?

ಮಾರುವವನ ಮಾತನ್ನು ಸುಳ್ಳೆಂದು ಕೂಡಲೆ ತಳ್ಳಿಹಾಕುವಂತಿಲ್ಲ. ನಿಜವೆಂದು ನಂಬುವಂತೆಯೂ ಇಲ್ಲ. ಒಂದೇ ಬಗೆಯ ಸದ್ದು ಒಂದು ಕಾರಿನಲ್ಲಿ ಎಣ್ಣೆ ಬದಲಿಸಿದರೆ ಹೋಗುತ್ತದೆ. ಇನ್ನೊಂದರಲ್ಲಿ ಅದರ ಹಿಂದೆ ಇಡೀ ಇಂಜಿನಿನ ಬೆಲೆ ಅಡಗಿರುತ್ತದೆ. ಮೂರು ಪ್ರಸಿದ್ಧ ಕಾರುಗಳ ವೃತ್ತಾಂತದಿಂದ ಇದು ಸ್ಪಷ್ಟವಾಗುವುದು.

ಮೂರು ಕಾರು, ಮೂರು ಸದ್ದು

ಜಪಾನಿನ ಮಜ್ದಾ ಕಂಪನಿಯು ಎಂಎಕ್ಸ್-5 ಎಂಬ ಎರಡು ಆಸನಗಳ ತೆರೆದ ಕಾರನ್ನು 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಮೊದಲು ಜನರ ಮುಂದಿಟ್ಟಿತು. ಅದು ಎಷ್ಟು ಜನಪ್ರಿಯವಾಯಿತೆಂದರೆ 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂದಿತು. ಇದರ ಮೊದಲ ಪೀಳಿಗೆಯ ಇಂಜಿನುಗಳಲ್ಲಿ ಹೈಡ್ರಾಲಿಕ್ ಟ್ಯಾಪೆಟ್‌ಗಳಿವೆ. ವಾಲ್ವುಗಳ ಬಳಿಯ ಸಂದನ್ನು ಎಣ್ಣೆಯ ಒತ್ತಡದಿಂದ ತಾವಾಗಿಯೇ ತುಂಬಿಕೊಳ್ಳುವುದು ಇವುಗಳ ಕೆಲಸ. ಕಾರು ಬಹುದಿನ ನಿಂತಿದ್ದರೆ ಅಥವಾ ಎಣ್ಣೆ ಹಳತಾಗಿದ್ದರೆ ಇವು ಬರಿದಾಗಿ, ಹೊಲಿಗೆಯ ಯಂತ್ರದಂತೆ ಟಿಕ್ ಟಿಕ್ ಎನ್ನುತ್ತವೆ. ಹೊಸ ಎಣ್ಣೆ ಹಾಕಿ ಕೆಲವು ಮೈಲಿ ಓಡಿಸಿದರೆ ಅನೇಕ ವೇಳೆ ಸದ್ದು ಅಡಗುವುದು. ಈ ಕಾರಿನಲ್ಲಿ ಆ ಸದ್ದು ಕೇಳಿ ಓಡಿಹೋಗುವವನು ಒಳ್ಳೆಯ ಅವಕಾಶವನ್ನು ಕಳೆದುಕೊಳ್ಳಬಹುದು.

ಎರಡನೆಯದು ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು 2000ದಿಂದ 2006ರವರೆಗೆ ತಯಾರಿಸಿದ ಎಂ3. ಅದರ 343 ಅಶ್ವಶಕ್ತಿಯ ಇಂಜಿನು ನಿಮಿಷಕ್ಕೆ ಸುಮಾರು 8,000 ಸುತ್ತು ತಿರುಗಬಲ್ಲುದು. ವಾಲ್ವುಗಳ ಸಂದನ್ನು ನಿಗದಿಯಾದ ತಪಾಸಣೆಗಳಲ್ಲಿ ಮೆಕ್ಯಾನಿಕನೇ ಅಳೆದು ಸರಿಪಡಿಸಬೇಕು. ಆದುದರಿಂದ ಆರೋಗ್ಯವಾಗಿರುವ ಇಂಜಿನಿನಲ್ಲಿಯೂ ಸಣ್ಣ ಟಿಕ್ ಟಿಕ್ ಸಹಜ. ಆದರೆ ಇದೇ ಇಂಜಿನಿನ ತಳಭಾಗದಲ್ಲಿ, ಪಿಸ್ಟನ್ನಿನ ಕನೆಕ್ಟಿಂಗ್ ರಾಡನ್ನು ಹಿಡಿದಿರುವ ಬೇರಿಂಗುಗಳು ಸವೆಯುವ ದೋಷ ಕಾಣಿಸಿಕೊಂಡಿತು. ಆರಂಭದ ವರ್ಷಗಳ ಕಾರುಗಳನ್ನು ಕಂಪನಿಯೇ ಕರೆಸಿ ಬೇರಿಂಗುಗಳನ್ನು ಬದಲಿಸಿಕೊಡಬೇಕಾಯಿತು. ಹೀಗೆ ಆರೋಗ್ಯದ ಸದ್ದು, ರೋಗದ ಸದ್ದು ಎರಡಕ್ಕೂ ಒಂದೇ ಇಂಜಿನಿನಲ್ಲಿ ಎಡೆಯಿದೆ.

ಮೂರನೆಯದು ಪೋರ್ಷೆ ಕಂಪನಿಯ ಬಾಕ್ಸ್‌ಟರ್. 1996ರಲ್ಲಿ ಬಂದ ಈ ಕಾರಿನಲ್ಲಿಯೂ, ಮರುವರ್ಷ ಬಂದ 911ರಲ್ಲಿಯೂ ನೀರಿನಿಂದ ತಂಪಾಗುವ ಆರು ಸಿಲಿಂಡರುಗಳ ಒಂದೇ ಕುಲದ ಇಂಜಿನುಗಳಿದ್ದವು. ಕ್ಯಾಮ್ ಷಾಫ್ಟುಗಳಿಗೆ ಸರಪಳಿಯ ಮೂಲಕ ಚಾಲನೆ ಮುಟ್ಟಿಸುವ ನಡುವಣ ಷಾಫ್ಟೊಂದು ಇವುಗಳೊಳಗಿದೆ. ಅದರ ಒಂದು ತುದಿಯನ್ನು ಹೊತ್ತಿರುವ ಬೇರಿಂಗು ಮುರಿದರೆ ಸರಪಳಿ ತಾಳ ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು, ಕ್ಷಣಾರ್ಧದಲ್ಲಿ ಇಂಜಿನು ನಾಶವಾಗಬಹುದು. ಈ ವಿಷಯ ಅಮೆರಿಕದ ನ್ಯಾಯಾಲಯದವರೆಗೆ ಹೋಗಿ, 2001ರಿಂದ 2005ರವರೆಗಿನ ಮಾದರಿಗಳ ಬಗೆಗೆ 2013ರಲ್ಲಿ ರಾಜಿಯಾಯಿತು. 2009ರ ಮಾದರಿಯಿಂದ ಬಂದ ಹೊಸ ಇಂಜಿನುಗಳಲ್ಲಿ ಆ ಷಾಫ್ಟೇ ಇಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಬೇರಿಂಗು ಮುರಿಯುವ ಮುನ್ನ ಸದ್ದು ಮಾಡಿಯೇ ತೀರುವುದೆಂಬ ನಿಯಮವಿಲ್ಲ. ಸದ್ದಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯುವುದೂ ತಪ್ಪೇ.

ಕಿವಿಗೆ ಕೆಲವು ಪಾಠಗಳು

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಕಾರು ಕೊಳ್ಳುವವನಿಗೂ ಅಂತಹ ಕ್ರಮವೊಂದು ಬೇಕು.

ಮೊದಲನೆಯದಾಗಿ, ಇಂಜಿನು ಪೂರ್ತಿ ತಣ್ಣಗಿರುವಾಗ ಅದನ್ನು ಚಾಲೂ ಮಾಡಿಸಬೇಕು. ಕೊಳ್ಳುವವನು ಬರುವ ಮೊದಲೇ ಮಾರುವವನು ಅದನ್ನು ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ಬೆಳಿಗ್ಗೆ ಬರುವುದು ಲೇಸು. ತಣ್ಣಗಿರುವಾಗ ಕೇಳಿಸಿ ಬಿಸಿಯಾದ ಮೇಲೆ ಅಡಗುವ ಸದ್ದು ಟ್ಯಾಪೆಟ್ಟಿನದೋ, ಹೊಗೆಕೊಳವೆಯ ಕೀಲಿನಲ್ಲಿನ ಸೋರಿಕೆಯದೋ ಇರಬಹುದು. ಬಿಸಿಯಾದಷ್ಟೂ ಹೆಚ್ಚುವ ಸದ್ದು ಹೆಚ್ಚು ಚಿಂತೆಗೆ ಕಾರಣ. ಎಣ್ಣೆ ತೆಳುವಾದಂತೆ ಸವೆದ ಬೇರಿಂಗಿನ ಸಡಿಲು ಹೊರಬೀಳುತ್ತದೆ.

ಎರಡನೆಯದಾಗಿ, ಸದ್ದಿನ ತಾಳವನ್ನು ಗಮನಿಸಬೇಕು. ಕ್ರ್ಯಾಂಕ್ ಷಾಫ್ಟು ಎರಡು ಸುತ್ತು ತಿರುಗುವಾಗ ಕ್ಯಾಮ್ ಷಾಫ್ಟು ಒಂದೇ ಸುತ್ತು ತಿರುಗುತ್ತದೆ. ಇಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಸದ್ದು 400 ಬಾರಿ ಮಾತ್ರ ಬರುವುದು. ಮೇಲ್ಭಾಗದಿಂದ ಬರುವ ಹಗುರವಾದ ನಿಧಾನದ ಟಿಕ್ ಟಿಕ್ ಬೇರೆ. ತಳದಿಂದ ಬರುವ ಗಡುಸಾದ, ಅದರ ಎರಡು ಪಟ್ಟು ವೇಗದ ಬಡಿತವೇ ಬೇರೆ.

ಮೂರನೆಯದಾಗಿ, ಸದ್ದಿನ ನೆಲೆಯನ್ನು ಹುಡುಕಬೇಕು. ಇದು ನುರಿತ ಮೆಕ್ಯಾನಿಕನ ಕೆಲಸ. ಡಾಕ್ಟರರಂತೆ ಅವನೂ ಸ್ಟೆತೊಸ್ಕೋಪು ಹಿಡಿದು ಆಲಿಸುತ್ತಾನೆ. ಹೊರಗಿನ ಬೆಲ್ಟನ್ನು ಕಳಚಿ ಕೆಲವು ಸೆಕೆಂಡು ಮಾತ್ರ ಇಂಜಿನ್ ಓಡಿಸಿದಾಗ ಸದ್ದು ನಿಂತರೆ, ದೋಷವು ಬೆಲ್ಟಿನಿಂದ ತಿರುಗುವ ಪುಲ್ಲಿಗೋ ಪಂಪಿಗೋ ಸೇರಿದ್ದು. ಇಂಜಿನಿನ ಒಡಲಿಗೆ ಸೇರಿದ್ದಲ್ಲ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮರಾ ಇಳಿಸಿದರೆ ಸಿಲಿಂಡರಿನ ಗೋಡೆಯ ಗೀರುಗಳು ಕಾಣುತ್ತವೆ. ಮೇಲೆ ಹೇಳಿದ ಪೋರ್ಷೆ ಇಂಜಿನುಗಳಲ್ಲಿ ಇಂತಹ ಗೀರುಗಳ ಬಡಿತವನ್ನು ಟ್ಯಾಪೆಟ್ಟಿನ ಸದ್ದೆಂದು ತಪ್ಪು ತಿಳಿಯುವುದುಂಟು. ಎಣ್ಣೆಯ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಲೋಹದ ಹೊಳಪಿನ ಚೂರುಗಳು ಸಿಕ್ಕರೆ ಮುಂದಿನ ಮಾತುಕತೆ ಬೇಕಿಲ್ಲ.

ಸರಾಸರಿಯ ಮೋಸ

ಇಷ್ಟೆಲ್ಲ ನೋಡಿದ ಮೇಲೂ ಸ್ವಲ್ಪ ಅನುಮಾನ ಉಳಿಯುವುದುಂಟು. ಆಗ ಕಾಗದದ ಮೇಲೆ ಲೆಕ್ಕ ಹಾಕಬೇಕು. ಸದ್ದಿಲ್ಲದ ಕಾರಿಗೆ 15,000 ಡಾಲರು, ಸದ್ದಿರುವುದಕ್ಕೆ 10,000 ಡಾಲರು, ಇಂಜಿನು ಬದಲಿಸಬೇಕಾದರೆ 12,000 ಡಾಲರು ಎಂದು ಇಟ್ಟುಕೊಳ್ಳೋಣ. ಹತ್ತರಲ್ಲಿ ಏಳು ಪಾಲು ಸದ್ದು ಸಣ್ಣದೇ ಇರಬಹುದೆಂದು ಮೆಕ್ಯಾನಿಕನು ಹೇಳುತ್ತಾನೆ. ಹತ್ತು ಅಂತಹ ಕಾರು ಕೊಳ್ಳುವ ವ್ಯಾಪಾರಿಗೆ ಮೂರರಲ್ಲಿ ಇಂಜಿನು ಹೋದರೆ 36,000 ಡಾಲರು ನಷ್ಟ. ಆದರೆ ಹತ್ತರ ಮೇಲೂ ಸಿಕ್ಕ ರಿಯಾಯಿತಿ 50,000 ಡಾಲರು. ಅವನಿಗೆ ಲಾಭವೇ.

ಗೃಹಸ್ಥನು ಕೊಳ್ಳುವುದು ಹತ್ತು ಕಾರನ್ನಲ್ಲ, ಒಂದನ್ನು. ಅವನಿಗೆ ಸರಾಸರಿಯೆಂಬುದಿಲ್ಲ. ಅದೃಷ್ಟ ಕೈಕೊಟ್ಟರೆ 15,000 ಡಾಲರಿನ ಕಾರಿಗೆ ಅವನು 22,000 ಡಾಲರು ತೆತ್ತಂತಾಯಿತು. ಆ ಹಣ ಮಗುವಿನ ಶಾಲೆಗೆಂದೋ ಊರಿನಲ್ಲಿರುವ ತಂದೆತಾಯಿಗಳ ಔಷಧಕ್ಕೆಂದೋ ತೆಗೆದಿಟ್ಟದ್ದಾಗಿರಬಹುದು. ಆದುದರಿಂದ 'ಸದ್ದು ಸಣ್ಣದಿರುವ ಸಂಭವ ಎಷ್ಟು?' ಎಂಬುದು ಅವನ ಮೊದಲ ಪ್ರಶ್ನೆಯಾಗಬಾರದು. 'ದೊಡ್ಡದೇ ಆಗಿದ್ದರೆ ಸಾಲವಿಲ್ಲದೆ ತಾಳಿಕೊಳ್ಳಬಲ್ಲೆನೆ?' ಎಂಬುದೇ ಮೊದಲ ಪ್ರಶ್ನೆ. ತಾಳಿಕೊಳ್ಳಬಲ್ಲವನು ಚೌಕಾಸಿ ಮಾಡಿ ಕೊಳ್ಳಲಿ; ಅವನಿಗೆ ಅದು ವಿನೋದ. ತಾಳಿಕೊಳ್ಳಲಾರದವನಿಗೆ ಎಷ್ಟು ರಿಯಾಯಿತಿ ಸಿಕ್ಕರೂ ಅದು ಅಗ್ಗವಲ್ಲ.

ಇನ್ನೊಂದು ಸರಳವಾದ ಪ್ರಶ್ನೆಯೂ ಉಂಟು. ಸದ್ದು ನಿಜವಾಗಿಯೂ ಅಲ್ಪ ಖರ್ಚಿನಲ್ಲಿ ಹೋಗುವಂತಹುದಾದರೆ, ಅದನ್ನು ಸರಿಪಡಿಸಿ ಪೂರ್ತಿ ಬೆಲೆಗೆ ಮಾರದೆ, ಮಾರುವವನು ಸಾವಿರಾರು ಡಾಲರು ಬಿಟ್ಟುಕೊಡುವುದೇಕೆ? ಇದಕ್ಕೆ ಪ್ರಾಮಾಣಿಕವಾದ ಉತ್ತರವಿರಲೂಬಹುದು. ಉತ್ತರವಿದ್ದವನು ಪರೀಕ್ಷೆಗೆ ಹಿಂಜರಿಯುವುದಿಲ್ಲ. ಕೊಳ್ಳುವವನೇ ಆರಿಸಿದ ಮೆಕ್ಯಾನಿಕನ ಬಳಿಗೆ ಕಾರನ್ನು ಒಯ್ಯಲು ಒಪ್ಪದವನೊಡನೆ ವ್ಯವಹಾರವನ್ನು ಅಲ್ಲಿಗೇ ಮುಗಿಸಬೇಕು.

ಕಾನೂನು ಕಾಪಾಡುವುದೆಂಬ ಭರವಸೆಯೂ ಬೇಡ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯು ವ್ಯಾಪಾರಿಯಿಂದ ಕೊಂಡ ಕಾರಿನ ಗುಣಮಟ್ಟಕ್ಕೆ ರಕ್ಷಣೆ ಕೊಡುತ್ತದೆ. ಖಾಸಗಿಯವನಿಂದ ಕೊಂಡದ್ದಕ್ಕೆ ಅದೇ ರಕ್ಷಣೆಯಿಲ್ಲ. ಅಮೆರಿಕದಲ್ಲಿ ಹಳೆಯ ಕಾರುಗಳ ವ್ಯಾಪಾರಿಯು ವಾರಂಟಿ ಉಂಟೋ, 'ಇದ್ದ ಸ್ಥಿತಿಯಲ್ಲಿಯೇ ಮಾರಾಟ'ವೋ ಎಂಬುದನ್ನು ಕಾರಿನ ಮೇಲೆ ಚೀಟಿಯಲ್ಲಿ ಪ್ರಕಟಿಸಬೇಕು. ಆ ಚೀಟಿಯನ್ನು ಓದದೆ ಸಹಿ ಹಾಕುವುದು ಅವಿವೇಕ. ಮುಂಗಡ ಕೊಡುವುದಾದರೆ, ಪರೀಕ್ಷೆಯಲ್ಲಿ ಇಂಜಿನಿನ ದೋಷ ಕಂಡರೆ ಹಣ ಹಿಂದಿರುಗಿಸತಕ್ಕದ್ದೆಂದು ಬರೆಸಿಕೊಂಡೇ ಕೊಡಬೇಕು.

ಪರೀಕ್ಷೆಗೆ ತಗಲುವ ಹಣ ವ್ಯರ್ಥವೆಂದು ಹಲವರು ಹಿಂದೆಗೆಯುತ್ತಾರೆ. ಕಾರು ಕೊಳ್ಳದೆ ಬರಿಗೈಯಲ್ಲಿ ಮರಳಿದ ದಿನವೂ ಆ ಹಣ ತನ್ನ ಕೆಲಸವನ್ನು ಮಾಡಿಯೇ ಇರುತ್ತದೆ. ಬಾಕ್ಸ್‌ಟರ್, ಎಂಎಕ್ಸ್-5ರಂತಹ ಕಾರುಗಳು ಸಾವಿರಗಟ್ಟಲೆ ತಯಾರಾದವು. ಈ ವಾರ ಬಿಟ್ಟರೆ ಮುಂದಿನ ತಿಂಗಳು ಇನ್ನೊಂದು ಮಾರಾಟಕ್ಕೆ ಬಂದೇ ಬರುವುದು.